ತುರುಕಿ ತುರುಕಿ ಪುಟವನ್ನೇ ಕೊಂದರು

ಇವತ್ತು ಬೆಳಿಗ್ಗೆ ನಮ್ಮ ತಂಡದವರಿಂದ ಬಂದ ತಿದ್ದುಪಡಿ ನೋಡಿ ತಲೆ ಕೆಟ್ಟುಹೋಯಿತು. ಮೂರು ದಿನ ಕುಳಿತು ಬರೆದ ವೆಬ್ ಪುಟ ಗೂಗಲ್ ಹುಡುಕಾಟದಲ್ಲಿ ಮೇಲೆ ಬರಲೆಂದು, ಸಾಲುಸಾಲಿಗೂ ಒಂದೇ ಕೀವರ್ಡ್ (ಜನ ಹುಡುಕುವಾಗ ಬರೆಯುವ ಪದ) ತುರುಕಿದ್ದಾರೆ. "ಉತ್ತಮ ನೀರಿನ ಪಂಪ್ ಬೇಕಾದವರು ಉತ್ತಮ ನೀರಿನ ಪಂಪ್ ಕೊಳ್ಳುವ ಮುನ್ನ ಉತ್ತಮ ನೀರಿನ ಪಂಪ್ ಯಾವುದೆಂದು ತಿಳಿಯಬೇಕು." ಇದನ್ನು ಯಾವ ಮನುಷ್ಯ ಓದುತ್ತಾನೆ? ಹೀಗೆ ತುರುಕುವುದನ್ನು ಗೂಗಲ್ ತನ್ನ ನಿಯಮಗಳಲ್ಲಿ ಸ್ಪ್ಯಾಮ್ ಎಂದೇ ಕರೆದಿದೆ!

ಸಾಲದೆಂಬಂತೆ, ಪುಟದ ಕೋಡ್‌ನಲ್ಲಿ ಓದುಗರ ಕಣ್ಣಿಗೆ ಕಾಣದಂತೆ ಕೀವರ್ಡ್ ಪಟ್ಟಿ ಮಾಡುವ ಜಾಗವಾದ ಕೀವರ್ಡ್ಸ್ ಮೆಟಾ ಟ್ಯಾಗ್‌ನಲ್ಲಿ ನಲವತ್ತು ಪದಗಳ ಪಟ್ಟಿ. ವೆಬ್ ಹುಡುಕಾಟದ ಶ್ರೇಯಾಂಕಕ್ಕೆ ಆ ಟ್ಯಾಗನ್ನು ಪರಿಗಣಿಸುವುದೇ ಇಲ್ಲವೆಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿದೆ. ಆ ಮಾತು ಕಿವಿಗೆ ಬೀಳಲು ಇನ್ನೆಷ್ಟು ವರ್ಷ ಬೇಕು?

ಜಾಹೀರಾತಿಗೆ ಹಣ ಸುರಿದರೆ ಹಣ ಕೊಡದೆ ಬರುವ ಸಹಜ ಫಲಿತಾಂಶದಲ್ಲೂ ಮೇಲೇರಬಹುದು ಎನ್ನುತ್ತಾರೆ. ಸುಳ್ಳು. ಲೇಖನ ಎರಡು ಸಾವಿರ ಪದ ದಾಟಲೇಬೇಕು ಎನ್ನುತ್ತಾರೆ. ಅಂಥ ಮಿತಿಯೇ ಇಲ್ಲ. ಬೇರೆ ತಾಣಗಳಿಂದ ನಮ್ಮ ಪುಟಕ್ಕೆ ಕಂತೆಗಟ್ಟಲೆ ಲಿಂಕ್ ಕೊಂಡುಕೊಳ್ಳೋಣ ಎಂದು ಪ್ರತಿ ಸಭೆಯಲ್ಲೂ ಒಬ್ಬರಾದರೂ ಬಾಯಿ ತೆರೆಯುತ್ತಾರೆ. 2012ರಲ್ಲಿ ಗೂಗಲ್ ತನ್ನ ಶ್ರೇಯಾಂಕದ ವಿಧಾನ ಬದಲಿಸಿದ ಪೆಂಗ್ವಿನ್ ಅಪ್‌ಡೇಟ್ ಬಂದಾಗ ಇಂಥ ಲಿಂಕ್‌ಗಳನ್ನೇ ನೆಚ್ಚಿಕೊಂಡ ತಾಣಗಳು ಪಾತಾಳ ಕಂಡದ್ದು ಇವರಿಗೆ ನೆನಪೇ ಇಲ್ಲವೇ?

ಇನ್ನು "ಮೂವತ್ತು ದಿನದಲ್ಲಿ ಮೊದಲ ಸ್ಥಾನ ಖಚಿತ" ಎಂಬ ಇಮೇಲ್‌ಗಳು. ಮೊದಲ ಸ್ಥಾನದ ಖಾತರಿ ಯಾರೂ ಕೊಡಲಾರರು ಎಂದು ಗೂಗಲ್ಲೇ ಎಚ್ಚರಿಸಿದರೂ ನಮ್ಮವರು ನಂಬುವುದು ಆ ಇಮೇಲನ್ನೇ. ಬರೆದವಳು ಹೇಳಿದರೆ ಮಾತ್ರ ಅನುಮಾನ!

ಈಗ ಒಂದೊಂದೇ "ಉತ್ತಮ ನೀರಿನ ಪಂಪ್" ಕಿತ್ತು ತೆಗೆಯುತ್ತಿದ್ದೇನೆ. ಮಧ್ಯಾಹ್ನ ಕಳೆದರೂ ಅರ್ಧ ಪುಟ ಮುಗಿದಿಲ್ಲ.