8008 ಬಿಟ್ಟುಕೊಟ್ಟಿದ್ದು ದಡ್ಡತನವೇನಲ್ಲ

ಅಮೆರಿಕದ ಕಂಪ್ಯೂಟರ್ ಕಂಪನಿ ಡೇಟಾಪಾಯಿಂಟ್‌ನವರು ತಮ್ಮ 2200 ಟರ್ಮಿನಲ್‌ಗೆಂದು ಇಂಟೆಲ್‌ನಿಂದ ಮಾಡಿಸಲು ಹೊರಟಿದ್ದ 8008 ಪ್ರೊಸೆಸರ್ ಚಿಪ್ಪಿನ ಹಕ್ಕನ್ನು ಇಂಟೆಲ್‌ಗೆ ಬಿಟ್ಟುಕೊಟ್ಟಿದ್ದೇ ಅವರನ್ನು ಮುಳುಗಿಸಿತು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪಲ್ಲ. ಈಗ ಕೂತು ಹೇಳೋದು ಸುಲಭ. 1972ರಲ್ಲಿ ಆ ಚಿಪ್ ಮಾರುಕಟ್ಟೆಗೆ ಬರುವ ಹೊತ್ತಿಗೆ ಸ್ಯಾನ್ ಆಂಟೋನಿಯೋದ ಈ ಕಂಪನಿಯ 2200 ಟರ್ಮಿನಲ್ ಆಗಲೇ ಮಾರಾಟವಾಗುತ್ತಿತ್ತು. ಪ್ರೊಸೆಸರ್ ಜಾಗದಲ್ಲಿ ಒಳಗಿದ್ದದ್ದು ಸಾಮಾನ್ಯ ಟಿಟಿಎಲ್ ಐಸಿಗಳನ್ನು (ಸಣ್ಣ ಸಣ್ಣ ಲಾಜಿಕ್ ಚಿಪ್ಪುಗಳನ್ನು) ತುಂಬಿದ ಬೋರ್ಡು. 2200ರ ಎರಡನೇ ಆವೃತ್ತಿ 8008ಕ್ಕಿಂತ ಎಷ್ಟೋ ಜೋರಾಗಿ ಓಡುತ್ತಿತ್ತು. ತಡವಾಗಿ ಬಂದ ನಿಧಾನದ ಚಿಪ್ಪಿಗೆ ಸುಮ್ನೆ ದುಡ್ಡು ಸುರಿಯೋರು ಯಾರು?

ಇನ್ನೊಂದು ಮಜಾ ನೀವು ಬಿಟ್ಟಿದ್ದೀರಿ. ಮೊದಲ 2200ರಲ್ಲಿ ಮೆಮೊರಿ ಅಂದರೆ ಶಿಫ್ಟ್ ರಿಜಿಸ್ಟರ್. ಬಿಟ್‌ಗಳು ಒಂದರ ಹಿಂದೆ ಒಂದು ಸಾಲಾಗಿ ಬರಬೇಕು. ಕೂಡುವಾಗ ನಾವು ಬಿಡಿಯಿಂದ ಶುರು ಮಾಡಿ 'ದಶಕ ಒಂದು' ಅಂತ ಪಕ್ಕದ ಮನೆಗೆ ಒಯ್ಯುತ್ತೇವಲ್ಲ, ಹಾಗೇ ಅದಕ್ಕೂ ಸಂಖ್ಯೆಯ ಕೆಳಗಿನ (ಕಡಿಮೆ ಬೆಲೆಯ) ಬೈಟ್ ಮೊದಲು ಬೇಕಿತ್ತು. 8008ಕ್ಕೆ ಅದರ ಅಗತ್ಯವೇ ಇರಲಿಲ್ಲ. ಆದರೂ ಆ ಅಭ್ಯಾಸ ಇಂಟೆಲ್‌ನ ಮುಂದಿನ ಚಿಪ್ಪುಗಳಾದ 8080, 8086 ದಾಟಿ ಇವತ್ತಿನ ಇಂಟೆಲ್ ಲ್ಯಾಪ್‌ಟಾಪ್‌ವರೆಗೂ ಬಂದಿದೆ. ಹೆಕ್ಸ್ ಡಂಪ್ (ಮೆಮೊರಿಯ ಬೈಟ್‌ಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುವ ಪಟ್ಟಿ) ತೆಗೆದು ನೋಡಿ, 1234 ಅನ್ನೋದು 34 12 ಅಂತ ಕೂತಿರುತ್ತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ಉಲ್ಟಾ ಸಾಲು ನೋಡಿ ಒಂದಿಡೀ ಮಧ್ಯಾಹ್ನ ತಲೆ ಕೆಡಿಸಿಕೊಂಡಿದ್ದೆ!

ಚಿಪ್ ಹೋದ ಮೇಲೂ ಕಂಪನಿ ಚೆನ್ನಾಗೇ ನಡೆಯಿತು, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಆರ್ಕ್‌ನೆಟ್ ಜಾಲವನ್ನು 1977ರಲ್ಲೇ ತಂದಿತ್ತು. ಪೆಟ್ಟು ಬಿದ್ದಿದ್ದು 1982ರಲ್ಲಿ. ಆಗದ ಮಾರಾಟವನ್ನೂ ಲೆಕ್ಕಕ್ಕೆ ಸೇರಿಸಿದ್ದು ಹೊರಬಿದ್ದು ಷೇರು ಕುಸಿಯಿತು. ಮೂರು ವರ್ಷಕ್ಕೆ ಷೇರು ಕೊಂಡು ಕಂಪನಿಗಳನ್ನು ವಶಕ್ಕೆ ಪಡೆಯುತ್ತಿದ್ದ ಹೂಡಿಕೆದಾರ ಆಶರ್ ಎಡೆಲ್‌ಮನ್ ಬಂದು ಕಂಪನಿಯನ್ನೇ ಹಿಡಿತಕ್ಕೆ ತಗೊಂಡರು. ಇದಕ್ಕೂ 8008ಕ್ಕೂ ಏನು ಸಂಬಂಧ?