ಒಂಬತ್ತು ಪರ್ಸೆಂಟಿನ ರಾಜಮನೆತನ

ಕೊಡಗಿನ ಕಕ್ಕಡ ತಿಂಗಳ ಮಳೆಗೆ ತೋಟದ ಸಿಲ್ವರ್ ಮರವೊಂದು ಲೈನ್ ಮೇಲೆ ಬಿದ್ದು, ಕರೆಂಟು ಹೋಗಿ ಎರಡು ದಿನವಾಗಿತ್ತು. ಇನ್ವರ್ಟರ್ ಮೊದಲ ರಾತ್ರಿಯೇ ಕೈ ಎತ್ತಿತ್ತು. ಮನೆಯಲ್ಲಿ ಜೀವ ಉಳಿದದ್ದು ನನ್ನ ಮೊಬೈಲಿಗೆ ಮಾತ್ರ. 38 ಪರ್ಸೆಂಟ್. ಲೈನ್‌ಮ್ಯಾನ್‌ಗೆ ಫೋನ್ ಮಾಡಲಿಕ್ಕೆ ಬೇಕಲ್ಲ ಅಂತ ಅದನ್ನು ಜೋಪಾನವಾಗಿ ಕಪಾಟಿನ ಮೇಲಿಟ್ಟು ಗದ್ದೆಗೆ ಹೋದೆ. ಬಂದು ನೋಡಿದರೆ 9. ಚಿಕ್ಕಮ್ಮ ಒಲೆ ಮುಂದೆ ಕೂತು, ಇಂಗ್ಲೆಂಡಿನ ಅರಮನೆಯ ಇಬ್ಬರು ವಾರಗಿತ್ತಿಯರಿಗೆ ಯಾಕೆ ಆಗಿಬರುವುದಿಲ್ಲ ಎನ್ನುವ ವಿಡಿಯೊ ನೋಡುತ್ತಿದ್ದರು.

"ಐದೇ ನಿಮಿಷ ನೋಡಿದ್ದು ಕಣೋ" ಅಂದರು.

ಚಿಕ್ಕಮ್ಮನಿಗೆ ಇದು ಹಳೇ ಕಾಯಿಲೆ. 1981ರ ಜುಲೈ 29ಕ್ಕೆ ಚಾರ್ಲ್ಸ್ ಮತ್ತು ಡಯಾನಾ ಮದುವೆ ಆದಾಗ ನಮ್ಮೂರಲ್ಲಿ ಟೀವಿ ಇರಲಿಲ್ಲ. ಪೇಪರಿನಲ್ಲಿ ಬಂದ ಫೋಟೊ ಕತ್ತರಿಸಿ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದರು. ಪಕ್ಕದಲ್ಲಿ ಚಿಕ್ಕಪ್ಪನದೂ ಒಂದು ಫೋಟೊ ಇತ್ತು, ಸ್ವಲ್ಪ ಚಿಕ್ಕದು. 1996ರಲ್ಲಿ ಆ ಜೋಡಿಗೆ ಡೈವೋರ್ಸ್ ಆದರೂ ಬೀರುವಿನಲ್ಲಿ ಆಗಲಿಲ್ಲ. ಮರುವರ್ಷ ಆಗಸ್ಟಿನ ಕೊನೆಯ ಭಾನುವಾರ ಡಯಾನಾ ಪ್ಯಾರಿಸ್ಸಿನಲ್ಲಿ ಸತ್ತ ಸುದ್ದಿ ಬಂದಾಗ ಮನೆಯಲ್ಲಿ ಮಾಂಸ ಬೇಯಲಿಲ್ಲ. ಚಾರ್ಲ್ಸ್ ಆಮೇಲೆ ಮದುವೆಯಾದ ಕ್ಯಾಮಿಲ್ಲಾಳ ಹೆಸರನ್ನು ಚಿಕ್ಕಮ್ಮ ಈವರೆಗೂ ಬಾಯಲ್ಲಿ ಹೇಳಿಲ್ಲ. "ಆ ಹೆಂಗಸು" ಅಷ್ಟೆ. 2023ರ ಮೇ 6ರಂದು ಆ ಹೆಂಗಸಿನ ತಲೆಗೂ ಕಿರೀಟ ಇಡುವಾಗ ಎದ್ದು ಹೋಗಿ ಟೀವಿ ಆರಿಸಿದರು. ನೋಡುತ್ತಿದ್ದವರು ನಾವು ಆರು ಜನ.

ವಿಂಡ್ಸರ್ ಅರಮನೆಯಲ್ಲಿ ಯಾರ ಕೋಣೆ ಎಲ್ಲಿ ಅಂತ ಹೇಳಬಲ್ಲ ಇವರು ಕಕ್ಕಬ್ಬೆ ಹತ್ತಿರದ, ನಮ್ಮ ಕೊಡಗಿನ ರಾಜರ ನಾಲ್ಕುನಾಡು ಅರಮನೆಗೆ ಒಮ್ಮೆಯೂ ಹೋದವರಲ್ಲ. ಮಡಿಕೇರಿಯಲ್ಲಿ ಆ ರಾಜರ ಸಮಾಧಿಯಿರುವ ಗದ್ದುಗೆ ನೋಡಿದ್ದು ಬೆಂಗಳೂರಿನ ನೆಂಟರು ಬಂದಾಗ, ಅದೂ ಹೊರಗಿನಿಂದ. ನನಗೆ ರೇಗಿತು. "ರಾಜಕುಮಾರಿ ಕತೆಯೇ ಬೇಕಾದರೆ ನಮ್ಮಲ್ಲೇ ಒಬ್ಬಳಿರಲಿಲ್ವಾ ಚಿಕ್ಕಮ್ಮ?" ಅಂದೆ. ಅಲ್ಲಿಗೆ ಕೆಟ್ಟೆ. ಕತೆ ಹೇಳಬೇಕಾಯಿತು.

ನಮ್ಮ ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಈಸ್ಟ್ ಇಂಡಿಯಾ ಕಂಪನಿಯವರು 1834ರಲ್ಲಿ ಇಳಿಸಿ ಕಾಶಿಗೆ ಕಳಿಸಿದರು. ಅಲ್ಲಿ ಹುಟ್ಟಿದ ಮಗಳು ಗೌರಮ್ಮ. ಕಂಪನಿಯ ಕೈಯಲ್ಲಿ ಸಿಕ್ಕಿಕೊಂಡ ತನ್ನ ದುಡ್ಡು ಕೇಳಲು ರಾಜ 1852ರಲ್ಲಿ ಲಂಡನ್ನಿಗೆ ಹಡಗು ಹತ್ತಿದ. ಜೊತೆಗೆ ಹನ್ನೊಂದು ತುಂಬದ ಮಗಳು. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮತಾಯಿ. ತನ್ನ ಹೆಸರನ್ನೂ ಕೊಟ್ಟಳು: ವಿಕ್ಟೋರಿಯಾ ಗೌರಮ್ಮ. ರಾಜನಿಗೆ ದುಡ್ಡು ಸಿಗಲಿಲ್ಲ. 1859ರಲ್ಲಿ ಅಲ್ಲೇ ತೀರಿಕೊಂಡ.

"ಮದುವೆ?" ಅಂದರು ಚಿಕ್ಕಮ್ಮ. ಅಪ್ಪ ಸತ್ತದ್ದಕ್ಕೆ ಲೊಚಗುಟ್ಟಲೂ ಇಲ್ಲ.

ಮದುವೆ ಮಾಡಿಸಲು ರಾಣಿಗೂ ಭಾರೀ ಹುಮ್ಮಸ್ಸು. ಈ ವಿಷಯದಲ್ಲಿ ಅವಳೂ ನಮ್ಮ ಚಿಕ್ಕಮ್ಮನೂ ಒಂದೇ ಅಚ್ಚು. ಮದುವೆಯಾಗದ ಇಬ್ಬರು ಒಂದೇ ಬಸ್ಸಿನಲ್ಲಿ ಕಂಡರೆ ಸಾಕು, ಗೋಣಿಕೊಪ್ಪ ಬರುವಷ್ಟರಲ್ಲಿ ಚಿಕ್ಕಮ್ಮ ಮನಸ್ಸಿನಲ್ಲೇ ಮುಹೂರ್ತ ಇಟ್ಟಿರುತ್ತಾರೆ. ರಾಣಿ ಕಣ್ಣಿಗೆ ಬಿದ್ದವನು ಪಂಜಾಬಿನ ದುಲೀಪ್ ಸಿಂಗ್. ಹುಡುಗ ಮಹಾರಾಜ, ಹುಡುಗಿ ರಾಜಕುಮಾರಿ. ಎರಡು ರಾಜ್ಯವೂ ಕಂಪನಿಯ ಹೊಟ್ಟೆಯಲ್ಲಿ. ಅವನೂ ಕ್ರೈಸ್ತ, ಇವಳೂ ಕ್ರೈಸ್ತಳು. ಜಾತಕ ಇದಕ್ಕಿಂತ ಹೇಗೆ ಕೂಡಬೇಕು? ಹುಡುಗ ಮಾತ್ರ ಒಲ್ಲೆ ಅಂದುಬಿಟ್ಟ.

"ಹಾಳಾದವನು!" ಅಂದರು ಚಿಕ್ಕಮ್ಮ. ಒಲೆಗೆ ಒಂದು ಕೊಳ್ಳಿ ನೂಕಿದರು.

ಕೊನೆಗೆ ಗೌರಮ್ಮ 1860ರಲ್ಲಿ ಕ್ಯಾಂಪ್‌ಬೆಲ್ ಎಂಬ ಕರ್ನಲ್ ಒಬ್ಬನನ್ನು ಮದುವೆಯಾದಳು. ಅಪ್ಪನ ವಯಸ್ಸಿನವನು. ಎಡಿತ್ ಎಂಬ ಮಗಳು ಹುಟ್ಟಿದಳು. 1864ರಲ್ಲಿ, 23 ತುಂಬುವ ಮೊದಲೇ ಗೌರಮ್ಮ ಸತ್ತಳು. ಮಣ್ಣು ಮಾಡಿದ್ದು ಲಂಡನ್ನಿನ ಬ್ರಾಂಪ್ಟನ್‌ನಲ್ಲಿ. ಕೊಡಗನ್ನು ಕಣ್ಣಿಂದ ನೋಡಲೇ ಇಲ್ಲ ಅವಳು. ಅವಳು ಸತ್ತ ಮೇಲೆ ಕ್ಯಾಂಪ್‌ಬೆಲ್ ಒಂದು ದಿನ ಒಡವೆಯ ಚೀಲ ಹಿಡಿದು ಮನೆಯಿಂದ ಹೊರಟವನು ಕಣ್ಮರೆಯಾದ ಅಂತ ಹೇಳುತ್ತಾರೆ.

ಚಿಕ್ಕಮ್ಮ ಸುಮ್ಮನಾದರು. ಮಳೆ ಹೆಂಚಿನ ಮೇಲೆ ಹೊಡೆಯುತ್ತಲೇ ಇತ್ತು. ನನಗೂ ಗಂಟಲು ಕಟ್ಟಿದಂತಾಯಿತು.

"ಒಡವೆ ಸಿಕ್ತಾ?" ಅಂದರು.

ನನಗೆ ಸಿಟ್ಟು ಬಂದದ್ದು ಆ ಪ್ರಶ್ನೆಗೆ ಅಂದುಕೊಳ್ಳಬೇಡಿ. ಸಿಟ್ಟು ಹಳೆಯದು. ಇಂಗ್ಲೆಂಡಿನ ಮಾರ್ಗರೆಟ್ ರಾಜಕುಮಾರಿ, ಡೈವೋರ್ಸ್ ಆದ ಟೌನ್‌ಸೆಂಡ್‌ನನ್ನು ಮದುವೆಯಾಗುವುದಿಲ್ಲ ಅಂತ 1955ರಲ್ಲಿ ಹೇಳಿಕೆ ಕೊಟ್ಟಳಲ್ಲ, ಆ ಕತೆ ಹೇಳುವಾಗ ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸುತ್ತಾರೆ. "ಕರ್ತವ್ಯ ಕರ್ತವ್ಯ ಅಂತ ಆ ಹುಡುಗಿಯ ಬಾಳು ಹಾಳು ಮಾಡಿದರು." ಒಬ್ಬಳಿಗಾಗಿ 1936ರಲ್ಲಿ ಸಿಂಹಾಸನವನ್ನೇ ಬಿಟ್ಟ ಎಡ್ವರ್ಡ್ ಅಂದರೆ ಅವರಿಗೆ ದೇವರು. ಆದರೆ ನಮ್ಮ ದೊಡ್ಡಪ್ಪನ ಮಗಳು ಬೇರೆ ಜಾತಿಯ ಹುಡುಗನನ್ನು ರಿಜಿಸ್ಟರ್ ಮದುವೆಯಾದಾಗ ಇದೇ ಚಿಕ್ಕಮ್ಮ ಮೂರು ವರ್ಷ ಆ ಮನೆಯ ಕಾಫಿ ಕುಡಿಯಲಿಲ್ಲ. ಕೇಳಿದರೆ, "ಅವರು ರಾಜರು ಕಣೋ, ನಮಗೆ ಊರಿದೆ." ಅಂದರೆ ಅವರಿಗೆ ಊರಿಲ್ವಾ? ಚಿಕ್ಕಮ್ಮನಂಥ ಚಿಕ್ಕಮ್ಮಂದಿರು ಪ್ರಪಂಚ ಪೂರ್ತಿ ಕೂತು ನೋಡುತ್ತಿದ್ದರಲ್ಲ, ಅದೇ ಅವರ ಊರು. ಇದನ್ನೆಲ್ಲ ನಾನು ಬಾಯಿಬಿಟ್ಟು ಹೇಳಲಿಲ್ಲ. ಅನ್ನ ಅವರ ಒಲೆಯ ಮೇಲಿತ್ತು. ಅಲ್ಲದೆ ಆ ಮೂರು ವರ್ಷ ನಾನೇನು ಅಕ್ಕನ ಮನೆಗೆ ದಿನಾ ಹೋಗುತ್ತಿದ್ದೆನಾ?

"ಸಿಕ್ತಾ ಇಲ್ವಾ ಹೇಳೋ."

"ನನಗೇನು ಗೊತ್ತು?" ಅಂದೆ. ಆದರೂ ಕೈ ಸುಮ್ಮನಿರಲಿಲ್ಲ. ಮೊಬೈಲ್ ತೆಗೆದೆ. ಪುಣ್ಯಕ್ಕೆ ಟವರ್ ಇತ್ತು, ಒಂದು ಕಡ್ಡಿ. ಕ್ಯಾಂಪ್‌ಬೆಲ್ ಅಂತ ಹಾಕಿದೆ. ಪೇಜು ಗುಂಡಗೆ ಸುತ್ತಿತು. ಚಿಕ್ಕಮ್ಮ ಮಣೆ ಎಳೆದುಕೊಂಡು ನನ್ನ ಭುಜದ ಹತ್ತಿರ ಬಂದು ಕೂತರು. 5 ಪರ್ಸೆಂಟ್. ಮೊದಲು ಗೌರಮ್ಮನ ಚಿತ್ರ ಬಂತು. "ಎಷ್ಟು ಲಕ್ಷಣವಾಗಿದ್ದಾಳೆ, ಕತ್ತಿಗೇನು ಹಾಕಿದಾಳೆ, ದೊಡ್ಡದು ಮಾಡು" ಅಂದರು. ದೊಡ್ಡದು ಮಾಡಿದೆ. 3 ಪರ್ಸೆಂಟ್. ಕೆಳಗೆ ಕ್ಯಾಂಪ್‌ಬೆಲ್ ಹೆಸರು ಕಂಡಿತು. ಒತ್ತಿದೆ. ಮತ್ತೆ ಸುತ್ತಿತು.

ಫೋನು ಆರಿತು.

ಕತ್ತಲಲ್ಲಿ ಸ್ವಲ್ಪ ಹೊತ್ತು ಇಬ್ಬರೂ ಹಾಗೇ ಕೂತಿದ್ದೆವು. ಲೈನ್‌ಮ್ಯಾನ್‌ಗೆ ಫೋನ್ ಮಾಡಿದ್ಯಾ ಅಂತ ಆಮೇಲೆ ಕೇಳಿದರು.