ಅವ್ವನ ವಾಟಿ, ಜರ್ಮನಿಯ ತಕ್ಕಡಿ

ಬಾಗಲಕೋಟೆಯ ನಮ್ಮ ಮನೆಯಲ್ಲಿ ಹೋಳಿಗೆಯ ಲೆಕ್ಕ ಒಂದೇ ಸಾಲಿನದು: ಒಂದು ವಾಟಿ, ಅಂದರೆ ಬಟ್ಟಲು, ಕಡಲೆಬೇಳೆಗೆ ಒಂದು ವಾಟಿ ಬೆಲ್ಲ. ನಾನೀಗ ಇರುವ ಸ್ಟುಟ್‌ಗಾರ್ಟ್‌ನಲ್ಲಿ ಹಿಟ್ಟು, ಸಕ್ಕರೆ, ಬೆಣ್ಣೆ ಎಲ್ಲವನ್ನೂ ಗ್ರಾಮಿನಲ್ಲಿ ಹೇಳುವುದು ರೂಢಿ. ಆ ರೂಢಿ ನನಗೂ ಹತ್ತಿ, ಊರಿನಿಂದ ಮಹಾಲಿಂಗಪುರದ ಬೆಲ್ಲ ಬಂದ ಒಂದು ಯುಗಾದಿಯಂದು 200 ಗ್ರಾಂ ಬೇಳೆಗೆ 200 ಗ್ರಾಂ ಬೆಲ್ಲವನ್ನು ತೂಗಿ ಹಾಕಿದೆ. ಎಷ್ಟು ಕೈಯಾಡಿಸಿದರೂ ಹೂರಣ ಉಂಡೆಗೆ ಬರಲಿಲ್ಲ. ಲಟ್ಟಿಸುವಾಗ ಕಣಕ ಹರಿದು, ಹೋಳಿಗೆ ಹಂಚಿಗೆ ಹಿಡಿಯಿತು. ಫೋನಿನಲ್ಲಿ ಅವ್ವ ನಕ್ಕಳು: "ಸಮ ಅಂತ ನಾ ವಾಟಿಲೆ ಹೇಳಿದ್ನೆಪಾ, ತಕ್ಕಡಿಲೆ ಅಲ್ಲ."

ಮರುವರ್ಷ ಊರಿಗೆ ಹೋದಾಗ ಅದೇ ವಾಟಿಯನ್ನು ಕೇಳಿ ತಂದೆ. ತಲೆ ಸವರಿ ತೂಗಿದರೆ ಬೇಳೆ 165 ಗ್ರಾಂ ಇತ್ತು. ತುರಿದು ಸಡಿಲವಾಗಿ ತುಂಬಿದ ಬೆಲ್ಲ 125 ಗ್ರಾಂ ಮಾತ್ರ. ಅದೇ ಬೆಲ್ಲವನ್ನು ಹೆಬ್ಬೆರಳಿನಿಂದ ಒತ್ತಿದಾಗ 170 ಗ್ರಾಂ ದಾಟಿತು. ಅಂದರೆ ನನ್ನ 200 ಗ್ರಾಂ ಬೇಳೆಗೆ ಬೇಕಿದ್ದ ಬೆಲ್ಲ ಸುಮಾರು 150 ಗ್ರಾಂ. ಜೋಳದ ಹಿಟ್ಟಿನದೂ ಇದೇ ಕಥೆ: ಜರಡಿ ಹಿಡಿದ ಹಿಟ್ಟಿಗೂ ಡಬ್ಬಿಯಲ್ಲಿ ಕೂತು ಬಿಗಿಯಾದ ಹಿಟ್ಟಿಗೂ ಒಂದೇ ವಾಟಿಯಲ್ಲಿ 25 ಗ್ರಾಮಿನಷ್ಟು ಅಂತರ ಕಂಡೆ.

ಜರ್ಮನರ ಅಡುಗೆಮನೆಯಲ್ಲಿ ಸಿಗುವ ಪ್ಲಾಸ್ಟಿಕ್ ಅಳತೆ ಪಾತ್ರೆಯನ್ನು ನೋಡಿದರೆ ಈ ಗುಟ್ಟು ಕಣ್ಣಿಗೇ ಕಾಣುತ್ತದೆ. ಅದರ ಮೈಮೇಲೆ ಹಿಟ್ಟಿಗೊಂದು, ಸಕ್ಕರೆಗೊಂದು, ನೀರಿಗೊಂದು ಗೆರೆಸಾಲು ಇರುತ್ತದೆ. ಅರ್ಧ ಕಿಲೋ ಹಿಟ್ಟಿನ ಗೆರೆ ಅರ್ಧ ಕಿಲೋ ಸಕ್ಕರೆಯ ಗೆರೆಗಿಂತ ಎಷ್ಟೋ ಮೇಲಿರುತ್ತದೆ. ನಮ್ಮಲ್ಲಿಯೂ ಒಂದು ಲೀಟರ್ ಎಣ್ಣೆಯ ಪ್ಯಾಕೆಟ್ಟಿನ ಮೇಲೆ 910 ಗ್ರಾಂ ಎಂದು ಅಚ್ಚಾಗಿರುತ್ತದೆಯಲ್ಲ, ಅದೂ ಇದೇ ಮಾತು. ನಮ್ಮ ಹಿರಿಯರ ಸೇರು ಇನ್ನೂ ತೊಡಕಿನದು: ತೂಕದ ಸೇರೆಂದರೆ 80 ತೊಲೆ, ಸುಮಾರು 933 ಗ್ರಾಂ, ಕಾಳು ಅಳೆಯುವ ಸೇರು ಮಾತ್ರ ಊರಿಗೊಂದು ತೆರನಾಗಿತ್ತು. 1956ರ ಕಾಯಿದೆಯ ಬೆನ್ನಿಗೆ ಪೇಟೆಗೆ ಕಿಲೋ ಬಂದರೂ ಸೇರಿನ ಹೆಸರು ಮನೆಮಾತಿನಲ್ಲಿ ಉಳಿದುಕೊಂಡಿದೆ.

ಇಷ್ಟರ ಮೇಲೆ ಅಮೆರಿಕದ ಕಪ್ಪಿನ ಕೋಷ್ಟಕಗಳನ್ನು ಹಿಡಿದು ಊರಿನ ಅಡುಗೆಯನ್ನು ಗ್ರಾಮಿಗೆ ಇಳಿಸುವವರನ್ನು ಕಂಡರೆ ನನಗೆ ಅಯ್ಯೋ ಎನಿಸುತ್ತದೆ. ಆ ಕಪ್ಪು ಸುಮಾರು 240 ಮಿಲಿಲೀಟರ್. ಆಸ್ಟ್ರೇಲಿಯಾದ್ದು 250, ಜಪಾನಿನದು 200. ನಿಮ್ಮ ಮನೆಯ ವಾಟಿ ಇವುಗಳಲ್ಲಿ ಯಾವುದೂ ಆಗಿರಬೇಕಿಲ್ಲ. ಖಾಲಿ ವಾಟಿಯನ್ನು ತಕ್ಕಡಿಯ ಮೇಲಿಟ್ಟು, ಮುಳ್ಳನ್ನು ಸೊನ್ನೆಗೆ ತಂದು ನೀರು ತುಂಬಿದರೆ, ಬಂದಷ್ಟು ಗ್ರಾಮೇ ಅದರ ಮಿಲಿಲೀಟರ್. ಅವ್ವನ ವಾಟಿಗೆ 198 ಬಂತು.

ಹಾಗೆಂದು ಎಲ್ಲವನ್ನೂ ತೂಗುವ ಹಟ ನನಗಿಲ್ಲ. ಉಪ್ಪಿಟ್ಟಿಗೆ ಒಂದು ವಾಟಿ ರವೆ, ಎರಡೂವರೆ ವಾಟಿ ನೀರು ಎನ್ನುವಾಗ ವಾಟಿ ಯಾವುದಾದರೂ ನಡೆಯುತ್ತದೆ, ಏಕೆಂದರೆ ಅಲ್ಲಿರುವುದು ಅನುಪಾತ ಮಾತ್ರ. ಒಂದು ಗ್ರಾಮಿಗಿಂತ ಕಡಿಮೆಯನ್ನು ನನ್ನ ತಕ್ಕಡಿ ತೋರಿಸುವುದಿಲ್ಲವಾದ್ದರಿಂದ ಅರಿಶಿನ, ಇಂಗು ಚಿಟಿಕೆಯಲ್ಲೇ ಇವೆ. ಹೂರಣಕ್ಕೆ ಮಾತ್ರ ಬೇಳೆ 165, ಬೆಲ್ಲ 125 ಎಂದು ಬರೆದ ಚೀಟಿಯನ್ನು ಡಬ್ಬಿಯ ಮುಚ್ಚಳದ ಒಳಮೈಗೆ ಅಂಟಿಸಿದ್ದೇನೆ. ಬೆಲ್ಲದ ಮುಂದೆ "ಒತ್ತದೆ" ಎಂದೂ ಸೇರಿಸಿದ್ದೇನೆ.